ಖಂಡೆ ಪೂಜೆಗೆ ಇಟ್ಟ ಸರ್ವರ್

ಆಳಂದದ ಸರ್ವರ್ ಇದ್ದದ್ದು ತೊಗರಿಬೇಳೆ ಮಿಲ್ಲಿನ ಆಫೀಸಿನಲ್ಲಿ, ದೇವರ ಫೋಟೋಗಳ ಕೆಳಗೆ. ಅಫಜಲಪುರದ್ದು ಒಬ್ಬ ನಿವೃತ್ತ ಮಾಸ್ತರರ ಮನೆಯ ಪಡಸಾಲೆಯಲ್ಲಿ, ಹೊಲಿಗೆ ಮಶೀನಿನ ಪಕ್ಕ. ಜೇವರ್ಗಿಯದು ನನ್ನ ಮನೆಯಲ್ಲಿ, ಹಾಸಿಗೆ ಒಟ್ಟುವ ಕಟ್ಟೆಯ ಮೇಲೆ. ಸರ್ವರ್ ಅನ್ನುವುದು ಕರೆಯಲು ದೊಡ್ಡ ಹೆಸರು, ಅಷ್ಟೆ. ಮೂರೂ ಯಾರೋ ಬಳಸಿ ಬಿಟ್ಟ ಕಂಪ್ಯೂಟರುಗಳು. ಡಿಸ್ಕು ಮಾತ್ರ ಹೊಸದು ಹಾಕಿಸಿದ್ದೆವು.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಅದು ಸಂಬಳದ ಕೆಲಸ. ಸಂಬಳವಿಲ್ಲದ ಕೆಲಸ ಇನ್ನೊಂದಿದೆ. ಕನ್ನಡದ ಅಕ್ಷರಗಳು, ಕನ್ನಡ ಟೈಪಿಂಗು, ಕಣ್ಣು ಕಾಣದವರಿಗೆ ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುವ ದನಿ, ಇವನ್ನೆಲ್ಲ ಪುಕ್ಕಟೆ ಮಾಡಿ ಪುಕ್ಕಟೆ ಹಂಚುವ ಒಂದು ಸಾಫ್ಟ್‌ವೇರ್ ಗುಂಪು ನಮ್ಮದು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ಬದಲಾಯಿಸಬಹುದು. ಅದರಲ್ಲಿ ನನ್ನ ಪಾಲಿಗೆ ಬಂದದ್ದು ನಮ್ಮ ಮೂರು ತಾಲೂಕುಗಳ ಮಿರರ್ ನೋಡಿಕೊಳ್ಳುವ ಚಾಕರಿ.

ಮಿರರ್ ಎಂದರೆ ಏನು ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ. ಗುಂಪಿನ ಮೂಲ ಸರ್ವರ್ ಸಮುದ್ರದಾಚೆ ಎಲ್ಲೋ ಇದೆ. ಎಲ್ಲರೂ ಅಲ್ಲಿಂದಲೇ ಇಳಿಸಿಕೊಳ್ಳಲು ಹೋದರೆ ಅದಕ್ಕೆ ಉಸಿರುಗಟ್ಟುತ್ತದೆ. ನಮ್ಮ ಕಡೆಯ ಇಂಟರ್ನೆಟ್ಟಿನ ಕಥೆಯಂತೂ ಕೇಳಲೇಬೇಡಿ. ಅದಕ್ಕೇ ಅಲ್ಲಿ ಇದ್ದದ್ದನ್ನೆಲ್ಲ ಇದ್ದ ಹಾಗೇ ನಕಲು ಮಾಡಿ ಊರೂರಲ್ಲಿ ಇಡುತ್ತೇವೆ. ನೆಲೋಗಿ ಶಾಲೆಯ ಟೀಚರು ಪೆನ್‌ಡ್ರೈವ್ ಹಿಡಿದು ನನ್ನ ಮನೆಗೆ ಬರುತ್ತಾರೆ, ಚಾ ಕುಡಿಯುತ್ತಾರೆ, ಬೇಕಾದ್ದನ್ನು ತುಂಬಿಕೊಂಡು ಹೋಗುತ್ತಾರೆ. ಕಿಣ್ಣಿ ಸುಲ್ತಾನದವರು ಆಳಂದದ ಮಿಲ್ಲಿಗೆ ಹೋಗುತ್ತಾರೆ. ಮಿರರ್ ಆಗಾಗ ಮೂಲದ ಜೊತೆ ತಾಳೆ ನೋಡಿಕೊಳ್ಳುತ್ತದೆ. ಅಲ್ಲಿ ಹೊಸದು ಬಂದಿದ್ದರೆ ಇಲ್ಲಿಗೂ ತರುತ್ತದೆ. ಅಲ್ಲಿ ಅಳಿಸಿದ್ದರೆ ಇಲ್ಲಿಯೂ ಅಳಿಸುತ್ತದೆ. ಈ ಎರಡನೆಯ ಮಾತನ್ನು ನಾವು ಯಾರೂ ತಲೆಗೆ ಹಾಕಿಕೊಂಡಿರಲಿಲ್ಲ. ಮೂರು ಊರಲ್ಲಿ ನಕಲಿದೆಯಲ್ಲ, ಇನ್ನೇನಾಗುತ್ತದೆ ಎಂಬ ಧೈರ್ಯ.

ನಮ್ಮ ಕಡೆ ಕರೆಂಟು ಹೋಗುತ್ತದೆ, ಬರುತ್ತದೆ. ಪ್ರತಿ ಸಲ ಗುಂಡಿ ಒತ್ತಲು ಯಾರೂ ಕಾದು ಕೂತಿರುವುದಿಲ್ಲ. ಆದ್ದರಿಂದ ಕರೆಂಟು ಬಂದ ಕೂಡಲೇ ಕಂಪ್ಯೂಟರು ತಾನಾಗಿಯೇ ಏಳಬೇಕು, ಎದ್ದ ಕೂಡಲೇ ಮೂಲದ ಜೊತೆ ತಾಳೆ ನೋಡಬೇಕು, ಹಾಗೆ ಮೂರನ್ನೂ ಹೊಂದಿಸಿದ್ದೆ. "ನೋಡ್ರಿ ಸಾಹುಕಾರ್ರ, ಯಾರೂ ಮುಟ್ಟೂದು ಬ್ಯಾಡ, ತಾನ ಏಳ್ತದ, ತಾನ ಕೆಲಸ ಮಾಡ್ತದ" ಎಂದು ಮಿಲ್ಲಿನ ಮಾಲೀಕರ ಮುಂದೆ ಜಂಬ ಕೊಚ್ಚಿಕೊಂಡೂ ಆಗಿತ್ತು. ಅವರು ನಕ್ಕು, "ನಮ್ಮ ಹಮಾಲರಿಗಿ ಸ್ವಲ್ಪ ಕಲಿಸ್ರಿ ಮೇಡಂ ಇದನ್ನ" ಎಂದಿದ್ದರು.

ಇನ್ನು ಅಫಜಲಪುರದ ಮಾಸ್ತರು. ನಾನು ಮೊದಲು ನೌಕರಿಗೆ ಸೇರಿದ ಊರಲ್ಲಿ ಅವರು ಕನ್ನಡ ಕಲಿಸುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಎರಡರಲ್ಲೂ ಅದೇ ತುಂಬಿದ ದನಿ. ಊರಲ್ಲಿ ಯಾವ ಕಾರ್ಯಕ್ರಮವಿದ್ದರೂ ಮೈಕು ಅವರ ಕೈಗೇ ಹೋಗುತ್ತಿತ್ತು. ಮೈಕು ಕೆಟ್ಟರೂ ಕಾರ್ಯಕ್ರಮ ನಿಲ್ಲುತ್ತಿರಲಿಲ್ಲ, ಅಂಥ ದನಿ. ನಿವೃತ್ತರಾದ ಮೇಲೆ ನನ್ನ ಕಾಟಕ್ಕೆ ಸಿಕ್ಕಿ ಮನೆಯಲ್ಲಿ ಮಿರರ್ ಇಟ್ಟುಕೊಂಡರು.

ಅವರ ಗಂಟಲಲ್ಲಿ ಗಡ್ಡೆಯಿದೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಸೊಲ್ಲಾಪುರದ ಡಾಕ್ಟರು ಹೇಳಿದರು. ನನಗೆ ದುಃಖವಾದರೆ ಮೊದಲು ಬರುವುದು ಸಿಟ್ಟು. ಸುದ್ದಿ ಕೇಳಿದ ದಿನ ಯಾರ ಯಾರ ಮೇಲೋ ರೇಗಾಡಿದೆ. ಮರುದಿನ ಒಳ್ಳೆಯದೊಂದು ಮೈಕು ಹೊಂದಿಸಿಕೊಂಡು ಅಫಜಲಪುರದ ಬಸ್ಸು ಹತ್ತಿದೆ.

"ಮಾಸ್ತರ, ಆಪರೇಷನ್ ಆಗೂದರೊಳಗ ನಿಮ್ಮ ದನಿ ತಗೊಂಡು ಇಡ್ತೇನಿ" ಎಂದೆ. ಒಬ್ಬರು ಸಾಕಷ್ಟು ವಾಕ್ಯಗಳನ್ನು ಓದಿಕೊಟ್ಟರೆ ಅವರ ದನಿಯನ್ನು ಸಾಫ್ಟ್‌ವೇರು ಕಲಿಯುತ್ತದೆ, ಆಮೇಲೆ ಫೋನಿನಲ್ಲಿ ಏನು ಟೈಪು ಮಾಡಿದರೂ ಅದೇ ದನಿಯಲ್ಲಿ ಹೇಳುತ್ತದೆ ಎಂದು ವಿವರಿಸಿದೆ.

ಮಾಸ್ತರು ನಕ್ಕರು. "ಅಂದ್ರ ಬಾಯಿ ಮುಚ್ಚಿದ್ರೂ ಮಾತಾಡ್ತೇನಿ ಅನ್ರಿ. ನಮ್ಮ ಮನ್ಯಾಗ ಇದೇನು ಖುಷಿ ಸುದ್ದಿ ಅಲ್ಲ ಬಿಡ್ರಿ." ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, ನಾನು ಭಾಬಿ ಎನ್ನುತ್ತೇನೆ, ನಗಲಿಲ್ಲ. ಮಾಸ್ತರು ಮೈಕನ್ನು ಕೈಗೆತ್ತಿಕೊಂಡು, "ಮಾಡೂದಾದ್ರ ಎಲ್ಲಾರಿಗೂ ಕೊಡ್ರಿ ಮೇಡಂ. ಕಣ್ಣಿಲ್ಲದವ್ರಿಗೂ ನಾನಽ ಪಾಠ ಓದಿ ಹೇಳ್ತೇನಿ" ಎಂದರು.

ಕಿಟಕಿಗಳಿಗೆ ಗಾದಿ ಆನಿಸಿ, ಫ್ಯಾನು ಬಂದ್ ಮಾಡಿ, ಬೆವರುತ್ತ ಕೂತು ರೆಕಾರ್ಡಿಂಗ್ ಮಾಡಿದೆವು. ಓದಬೇಕಾದ ವಾಕ್ಯಗಳನ್ನು ಗುಂಪಿನವರು ಕಳಿಸಿದ್ದರು. ಅಕ್ಷರಗಳೆಲ್ಲ ಬರಬೇಕೆಂದು ಹೆಣೆದವು, ಉಪ್ಪು ಖಾರ ಇಲ್ಲದವು. "ಸಭೆಯನ್ನು ಮುಂದೂಡಲಾಗಿದೆ", "ಛತ್ರಿಯು ಅಂಗಡಿಯಲ್ಲಿ ದೊರೆಯುತ್ತದೆ". ಮಾಸ್ತರು ನಡುನಡುವೆ ನಿಲ್ಲಿಸಿ, "ಇಂಥಾ ಸಪ್ಪನ ಮಾತು ಯಾವ ಮನುಷ್ಯಾ ಆಡ್ತಾನ್ರಿ?" ಎಂದು ಗೊಣಗುತ್ತಿದ್ದರು. ಕೆಮ್ಮುತ್ತಿದ್ದರು. ಛತ್ರಿಯ ಮಾತಿಗೆ ಬಂದಾಗಲೆಲ್ಲ ನಗು ತಡೆಯಲಾಗುತ್ತಿರಲಿಲ್ಲ. ಒಂದು ವಾಕ್ಯದ ಅರ್ಧದಲ್ಲೇ ಅಡುಗೆಮನೆಯ ಕಡೆ ತಿರುಗಿ ಚಾ ಕೂಗಿಬಿಡುತ್ತಿದ್ದರು. "ಮಾಸ್ತರ, ರೆಕಾರ್ಡಿಂಗ್ ನಡದಾಗ ಚಾ ಕೇಳ್ತೀರಲ್ರಿ, ಎಂಥಾ ಮನುಷ್ಯಾರ ನೀವು!" ಎಂದು ನಾನು ಬಯ್ಯುತ್ತಿದ್ದೆ.

ಜೇವರ್ಗಿಗೆ ಮರಳಿ ಎಲ್ಲವನ್ನೂ ಕತ್ತರಿಸಿ ಬೇರ್ಪಡಿಸಿದೆ. ಸ್ವಚ್ಛವಾಗಿ ಓದಿದ ವಾಕ್ಯಗಳನ್ನು ಮೂಲ ಸರ್ವರಿಗೆ ಏರಿಸಿದೆ. ಅಲ್ಲಿಂದ ಅವು ಮೂರೂ ಮಿರರ್‌ಗಳಿಗೆ ಇಳಿದವು. ಕೆಮ್ಮು, ನಗು, ಗೊಣಗಾಟ, ಚಾ, ಇವನ್ನೆಲ್ಲ ಒಂದು ಫೋಲ್ಡರಿಗೆ ತುಂಬಿ ಅದಕ್ಕೆ "ಕಸ" ಎಂದು ಹೆಸರಿಟ್ಟೆ. ಉಸಿರಿನ ಸದ್ದು ತೆಗೆಯುವ ಪ್ರಯೋಗಕ್ಕೆ ಯಾವಾಗಲಾದರೂ ಬಂದೀತೆಂದು ಒಂದು ದಿನ ಆಳಂದಕ್ಕೆ ಹೋದಾಗ ಅಲ್ಲಿಯ ಕಂಪ್ಯೂಟರಿನ ಮೂಲೆಯಲ್ಲಿ, ಮಿರರ್‌ನ ಹೊರಗೆ, ಹಾಕಿ ಬಂದೆ. ಆಮೇಲೆ ಮರೆತೇಬಿಟ್ಟೆ.

ಆಪರೇಷನ್ ಆಯಿತು, ಮಾಸ್ತರು ಉಳಿದರು, ದನಿ ಹೋಯಿತು. ನಮ್ಮೊಂದಿಗೆ ಫೋನಿನಲ್ಲಿ ಬರೆದು ಮಾತಾಡುತ್ತಾರೆ. ಭಾಬಿಗೆ ಓದು ಬಾರದು. ಅವರನ್ನು ಕರೆಯಬೇಕಾದರೆ ಸ್ಟೀಲ್ ಗ್ಲಾಸಿಗೆ ಚಮಚದಿಂದ ಟಣ್ ಟಣ್ ಎಂದು ಬಡಿಯುತ್ತಾರೆ. ಮೊದಲ ಸಲ ಅದನ್ನು ಕೇಳಿದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ದನಿ ತಯಾರು ಮಾಡಬೇಕಾದವರು ಗುಂಪಿನ ಬೇರೆ ಸ್ವಯಂಸೇವಕರು. ಒಬ್ಬರಿಗೆ ಪರೀಕ್ಷೆ, ಇನ್ನೊಬ್ಬರಿಗೆ ಮನೆಯಲ್ಲಿ ಕೂಸು. ಪುಕ್ಕಟೆ ಮಾಡುವವರ ಮೇಲೆ ಎಷ್ಟು ಅಂತ ಸಿಟ್ಟಾಗುವುದು? ಮಾಸ್ತರು ಬಸ್ಸಿನ ಬಗ್ಗೆ ವಿಚಾರಿಸುವ ಹಾಗೆ ಕೇಳುತ್ತಿದ್ದರು: "ನನ್ನ ದನಿ ಎಲ್ಲಿಗಿ ಬಂತ್ರಿ?" ನಾನು "ಹಾದ್ಯಾಗ ಅದ, ಬರಾಕತ್ತದ" ಎಂದು ಬರೆಯುತ್ತಿದ್ದೆ. ಆ ಬೇಸಿಗೆಯಲ್ಲಿ ನನ್ನ ಲ್ಯಾಪ್‌ಟಾಪಿನ ಡಿಸ್ಕು ಸತ್ತಿತು. ನನ್ನ ಹತ್ತಿರ ಇದ್ದ ರೆಕಾರ್ಡಿಂಗೂ ಅದರ ಜೊತೆ ಹೋಯಿತು. ಹೋದರೆ ಹೋಗಲಿ, ಮಿರರ್‌ಗಳಿವೆಯಲ್ಲ ಎಂದುಕೊಂಡೆ.

ದಸರೆ ಬಂತು. ನಮ್ಮ ಕಡೆ ನವಮಿಗೆ ಖಂಡೆ ಪೂಜೆ. ಕಬ್ಬಿಣದ್ದು, ಕರೆಂಟಿನದ್ದು, ದುಡಿಯುವಂಥದ್ದು ಏನೇನಿದೆಯೋ ಎಲ್ಲವನ್ನೂ ಬಂದ್ ಮಾಡಿ, ತೊಳೆದು ಒರೆಸಿ, ಕುಂಕುಮವಿಟ್ಟು ಪೂಜೆಗೆ ಕೂರಿಸುತ್ತಾರೆ. ಮರುದಿನ ಮನೆಯ ಹಿರಿಯರು ಕಾಯಿ ಒಡೆದು ಮಂಗಳಾರತಿ ಮಾಡುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಆಳಂದದ ಸಾಹುಕಾರರು ನಮ್ಮ ಸರ್ವರನ್ನೂ ಬಿಟ್ಟಿರಲಿಲ್ಲ. ಚೆಂಡುಹೂವಿನ ಮಾಲೆ, ವಿಭೂತಿ, ಕುಂಕುಮ, ಪಕ್ಕದಲ್ಲಿ ನಿಂಬೆಹಣ್ಣು, ಎಲ್ಲ ಇದ್ದ ಫೋಟೋ ಕಳಿಸಿದರು. "ಸಾಹುಕಾರ್ರ, ನಿಂಬಿಹಣ್ಣು ಒಳಗ ಹಿಂಡಿಗಿಂಡೀರಿ ಮತ್ತ" ಎಂದು ಬರೆದು ನಕ್ಕೆ.

ದಶಮಿಯ ಮುಂಜಾನೆ ಫೋನ್ ತೆರೆದರೆ ಗುಂಪಿನ ಸಂದೇಶ. ಮೂಲ ಸರ್ವರಿನ ಹಳೆಯ ಡಿಸ್ಕು ಕೆಟ್ಟು ಹೋಗಿತ್ತಂತೆ. ಅದನ್ನು ನೋಡಿಕೊಳ್ಳುವಾತ, ದಿನದ ನೌಕರಿ ಮುಗಿಸಿ ಬಂದು ಈ ಕೆಲಸ ಮಾಡುವವನು, ಹೊಸ ಡಿಸ್ಕು ಹಾಕಿದ್ದ. ಅದರಲ್ಲಿ ಏನೂ ತುಂಬುವ ಮೊದಲೇ ಸರ್ವರ್ ಚಾಲೂ ಆಗಿಬಿಟ್ಟಿತ್ತು. ಜಗತ್ತಿನ ಮಿರರ್‌ಗಳೆಲ್ಲ ಬಂದು ನೋಡಿದವು, ಖಾಲಿಯಿತ್ತು, ತಾವೂ ಖಾಲಿಯಾದವು. "ಮಿರರ್ ಇಟ್ಟವರು ದಯವಿಟ್ಟು ತಕ್ಷಣ ಸಂಪರ್ಕ ಕಡಿದುಕೊಳ್ಳಿ, ಯಾರ ಹತ್ತಿರವಾದರೂ ರೆಕಾರ್ಡಿಂಗ್ ಉಳಿದಿದೆಯೇ?" ಎಂದು ಆತ ಬರೆದಿದ್ದ. ಸಾಫ್ಟ್‌ವೇರಿನ ಚಿಂತೆಯಿರಲಿಲ್ಲ, ಅದು ಎಲ್ಲರ ಕಂಪ್ಯೂಟರಿನಲ್ಲೂ ಇತ್ತು. ಆದರೆ ಮಾಸ್ತರ ಛತ್ರಿ, ಮಾಸ್ತರ ಸಭೆ ಯಾರಿಗೆ ಬೇಕಿತ್ತು? ಅವನ್ನು ಯಾರೂ ಇಳಿಸಿಕೊಂಡಿರಲಿಲ್ಲ. ಅವು ಇದ್ದದ್ದು ಮಿರರ್‌ಗಳಲ್ಲಿ ಮಾತ್ರ.

ಓಡಿಹೋಗಿ ಕಟ್ಟೆಯ ಮೇಲಿನದನ್ನು ನೋಡಿದೆ. ಖಾಲಿ. ಮಾಸ್ತರಿಗೆ ಬರೆದೆ. ಅವರು ನೋಡಿ ಬರೆದರು: "ಪೂರಾ ಖಾಲಿ ಅದ್ರಿ." ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು: "ನನ್ನ ದನಿ?"

ಆಗ ನೆನಪಾಯಿತು, ಚೆಂಡುಹೂವಿನ ಮಾಲೆ. ಆಳಂದದ್ದು ನಿನ್ನೆಯಿಂದ ಬಂದ್ ಇದೆ! ಅದು ಮೂಲದ ಕಡೆ ಹೋಗಿಯೇ ಇಲ್ಲ! ಒಬ್ಬಳೇ ಚಪ್ಪಾಳೆ ಹೊಡೆದೆ. ಮರುಕ್ಷಣವೇ ಮುಂದಿನದು ಹೊಳೆಯಿತು. ಇವತ್ತು ಮಂಗಳಾರತಿಯಾಗುತ್ತದೆ, ಮೇನ್ ಸ್ವಿಚ್ ಹಾಕುತ್ತಾರೆ, ಅದು ತಾನಾಗಿಯೇ ಏಳುತ್ತದೆ, ಎದ್ದ ಕೂಡಲೇ ತಾಳೆ ನೋಡುತ್ತದೆ. ಮೂಲ ಸರ್ವರ್ ಇನ್ನೂ ಖಾಲಿಯಾಗಿಯೇ ಚಾಲೂ ಇತ್ತು. ಮೂಲದವನಿಗೆ ಅದನ್ನು ಮುಚ್ಚಿಬಿಡು ಎಂದು ಬರೆದೆ. ಉತ್ತರವಿಲ್ಲ. ಅಲ್ಲಿ ಆಗ ರಾತ್ರಿ, ಸೋತು ಮಲಗಿರಬೇಕು. ಮಾಸ್ತರಿಗೆ "ಆಳಂದದಾಗ ಅದ. ನಾ ಹೊಂಟೇನಿ" ಎಂದು ಬರೆದು ಚಪ್ಪಲಿ ಮೆಟ್ಟಿದೆ.

ಸಾಹುಕಾರರ ಫೋನು ರಿಂಗಾಗುತ್ತದೆ, ಎತ್ತುವವರಿಲ್ಲ. ಹಬ್ಬದ ಬಸ್ಸು, ಕಾಲಿಡಲು ಜಾಗವಿಲ್ಲ. ಭೀಮಾ ನದಿಯ ಸೇತುವೆಯ ಮೇಲೆ ಎಲ್ಲರೂ ಕೆಂಪು ನೀರು ನೋಡಲು ಕಿಟಕಿಗೆ ಮುಗಿಬಿದ್ದರು, ನಾನು ಫೋನಿಗೆ ಮುಗಿಬಿದ್ದಿದ್ದೆ. ಕಲಬುರಗಿ ಸ್ಟ್ಯಾಂಡಿನಲ್ಲಿ ಆಳಂದದ ಬಸ್ಸು ಹತ್ತಿ, ಮಿಲ್ಲಿನಲ್ಲಿ ಲೆಕ್ಕ ಬರೆಯುವ ಮುನೀಮರ ನಂಬರು ಹಚ್ಚಿದೆ. ಅವರು ಎತ್ತಿದರು.

"ಮುನೀಮರ, ಆ ಕಂಪ್ಯೂಟರ್ ಚಾಲೂ ಅದ ಏನ್ರಿ?"

"ಎಲ್ಲೀದ್ರಿ ಅಕ್ಕಾರ! ನಿನ್ನಿಂದ ಪೂಜಿಗಿ ಕುಂತದ."

"ಪುಣ್ಯಾ ಬರ್ತದ ನಿಮಗ. ಅದರ ಹಿಂದ ಒಂದು ನೀಲಿ ವೈರ್ ಅದ ನೋಡ್ರಿ, ಅದನ್ನ ಕಿತ್ತಿಬಿಡ್ರಿ."

"ಅಯ್ಯಯ್ಯೋ, ಪೂಜಿಗಿ ಇಟ್ಟಿದ್ದು ಹ್ಯಾಂಗ ಮುಟ್ಲಿರಿ? ಸಾಹುಕಾರ್ರು ಬಂದು ಮಂಗಳಾರತಿ ಮಾಡೂ ತನಕ ಒಂದು ಮೊಳಿ ಸುದ್ದಾ ಅಲುಗಾಡಸಂಗಿಲ್ಲ."

ಬೇಡಿಕೊಂಡೆ, ಬೈದೆ, ದೇವರ ಆಣೆ ಹಾಕಿದೆ. ಬಸ್ಸಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಮುನೀಮರದು ಒಂದೇ ಮಾತು: "ನೀವು ಸುಮ್ನ ಚಿಂತಿ ಮಾಡ್ತೀರಿ ಅಕ್ಕಾರ. ನಾನೂ ಮುಟ್ಟಂಗಿಲ್ಲ, ಯಾರಿಗೂ ಮುಟ್ಟಗೊಡಂಗಿಲ್ಲ. ಇಲ್ಲೇ ಮುಂದ ಕುಂತೇನಿ."

"ಸಾಹುಕಾರ್ರು ಫೋನ್ ಯಾಕ ಎತ್ತವಲ್ರು?"

"ಅದೂ ಪೂಜಿಗಿ ಅದ್ರಿ. ತಕ್ಕಡಿ ಬಾಜೂಕ ಇಟ್ಟಾರ. ಆವಾಗಿಂದ ಬಡಕೊಳ್ಳಾಕತ್ತದ, ನೀವಽ ಮಾಡಾಕತ್ತೀರಿ ಏನು?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಸಾಹುಕಾರ್ರು ಬಂದ ಕೂಡ್ಲೆ, ಮೇನ್ ಸ್ವಿಚ್ ಹಾಕೂಕಿಂತ ಮೊದಲ, ನನಗ ಫೋನ್ ಹಚ್ಚಿ ಕೊಡ್ರಿ, ನಿಮ್ಮ ಕಾಲಿಗಿ ಬೀಳ್ತೇನಿ" ಎಂದೆ. "ಹೂಂ ರೀ, ಕೊಡ್ತೇನಿ" ಎಂದರು. ಬಸ್ಸು ಊರು ದಾಟಿತು, ತೊಗರಿ ಹೊಲಗಳು ಶುರುವಾದವು, ಸಿಗ್ನಲ್ ಹೋಯಿತು. ಕೈಯಲ್ಲಿ ಫೋನು ಹಿಡಿದು ಕಂಬಿಗೆ ಜೋತು ನಿಂತೆ. ಡ್ರೈವರು ಊರೂರಿಗೂ ನಿಲ್ಲಿಸುತ್ತಿದ್ದ. ಹೊಸ ಸೀರೆ ಉಟ್ಟವರು ನಿಧಾನವಾಗಿ ಹತ್ತುತ್ತಿದ್ದರು, ನಿಧಾನವಾಗಿ ಇಳಿಯುತ್ತಿದ್ದರು. ಅವರ ಹಬ್ಬ, ಅವರೇನು ಮಾಡಿಯಾರು? ಸಿಗ್ನಲ್ ಮರಳಿದಾಗ ಎರಡು ಬಂದಿದ್ದವು. ಮಾಸ್ತರ ಸಂದೇಶ: "ಎಲ್ಲಿಗಿ ಬಂದ್ರಿ?" ಮತ್ತು ಮುನೀಮರ ಮಿಸ್ಡ್ ಕಾಲ್.

ತಿರುಗಿ ಹಚ್ಚಿದೆ. ಗಲಾಟೆಯಲ್ಲಿ ಅವರಿಗೆ ಕೇಳಿಸಲಿಲ್ಲವೋ ಏನೋ, ಎತ್ತಲಿಲ್ಲ.

ಮಿಲ್ಲಿನ ಸದ್ದು ರಸ್ತೆಗೇ ಕೇಳುತ್ತಿತ್ತು. ಆ ಸದ್ದು ಕೇಳಿದ ಮೇಲೆ ಓಡುವುದರಲ್ಲಿ ಅರ್ಥವಿರಲಿಲ್ಲ, ಆದರೂ ಓಡಿದೆ. ಸಾಹುಕಾರರು ಬಾಗಿಲಲ್ಲೇ ಎದುರಾಗಿ, ಸಂಜೆ ಹಂಚಲು ತಂದಿಟ್ಟಿದ್ದ ಬನ್ನಿ ಎಲೆಯನ್ನು ಕೈಗಿಟ್ಟರು. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಮೇಡಂ." ಎಲೆಯನ್ನು ಮುಷ್ಟಿಯಲ್ಲಿ ಹಿಡಿದೇ ಒಳಗೆ ಹೋಗಿ ನೀಲಿ ವೈರು ಕಿತ್ತೆ. ಮಾಲೆ ಹರಿದು ಬಿತ್ತು. ಮುನೀಮರು ಹೆಮ್ಮೆಯಿಂದ ಎದ್ದು ನಿಂತರು. "ಯಾರೂ ಮುಟ್ಟಿಲ್ರಿ ಅಕ್ಕಾರ. ರಾಹುಕಾಲ ಬರ್ತದಂತ ಲಗೂನ ಸ್ವಿಚ್ ಹಾಕಿದ್ರು. ಇದು ತಾನ ಎದ್ದದ."

ಪರದೆ ಹಚ್ಚಿ ನೋಡಿದೆ. ಮಿರರ್ ಖಾಲಿಯಿತ್ತು.

ಯಾರನ್ನು ಬಯ್ಯಲಿ? ಬಯ್ಯಲು ಬಾಯಿ ತೆರೆದೆ, ಬಯ್ಯಬೇಕಾದವರು ಒಬ್ಬರೂ ಕಾಣಲಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಂಡಿದ್ದ ಮುನೀಮರನ್ನೇ? ವಿಷಯ ತಿಳಿದು ತೊಗರಿ ಚೀಲದ ಮೇಲೆ ಕುಸಿದು ಕೂತ ಸಾಹುಕಾರರನ್ನೇ? "ಏನ್ ಮಾಡ್ಲಿರಿ ಈಗ? ಹೇಳ್ರಿ, ಏನಂದ್ರ ಅದು ಮಾಡ್ತೇನಿ" ಎಂದು ಅವರು ಕೇಳುತ್ತಲೇ ಇದ್ದರು. ಮಾಡುವಂಥದ್ದು ಏನೂ ಇರಲಿಲ್ಲ. ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರುಗಳನ್ನು ಅಲ್ಲೇ ಕೂತು ಒಂದೊಂದಾಗಿ ಓಡಿಸಿದೆ. ನಾವೇ ಹಾಕಿಸಿದ ಹೊಸ ಡಿಸ್ಕು, ಅಳಿಸಿದ ಜಾಗವನ್ನು ತಾನೇ ಒರೆಸಿ ಇಡುವಂಥದ್ದು. ಏನೂ ಸಿಗಲಿಲ್ಲ. ಹಾಗೆ ಹುಡುಕುವಾಗಲೇ ಮೂಲೆಯಲ್ಲಿ ಆ ಫೋಲ್ಡರು ಕಂಡಿತು. ಕಸ. ಮಿರರ್‌ನ ಹೊರಗಿದ್ದದ್ದರಿಂದ ಅದನ್ನು ಯಾವುದೂ ಮುಟ್ಟಿರಲಿಲ್ಲ. ಅದರಿಂದ ದನಿ ತಯಾರು ಮಾಡಲು ಬರುತ್ತದೆಯೇ ಎಂದು ಗುಂಪಿನವರನ್ನು ಕೇಳಿದೆ. ಬರುವುದಿಲ್ಲ ಎಂದರು. ಕೆಮ್ಮು, ನಗು, ಮುರಿದ ವಾಕ್ಯಗಳು, ಅದೂ ತೀರ ಸ್ವಲ್ಪ. ನನಗೂ ಗೊತ್ತಿತ್ತು, ಸುಮ್ಮನೆ ಕೇಳಿದ್ದೆ.

ಹಬ್ಬ ಮುಗಿದ ಮೇಲೆ ಅದನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಅಫಜಲಪುರಕ್ಕೆ ಹೋದೆ. ಭಾಬಿ ಅಡುಗೆಮನೆಯಲ್ಲಿದ್ದರು. ಹೇಳಬೇಕಾದ್ದನ್ನು ಎದುರಿಗೇ ಹೇಳಿದೆ. ದನಿ ಇನ್ನು ಬರುವುದಿಲ್ಲ ಮಾಸ್ತರ, ಎಂದೆ. ಅವರು ಬಹಳ ಹೊತ್ತು ಹೊಲಿಗೆ ಮಶೀನಿನ ಗಾಲಿಯನ್ನು ಬೆರಳಿಂದ ಮೆಲ್ಲಗೆ ತಿರುಗಿಸುತ್ತ ಕೂತರು. ಆಮೇಲೆ ಫೋನಿನಲ್ಲಿ ಬರೆದು ತೋರಿಸಿದರು: "ಛತ್ರಿ ಹೋತು ಅನ್ರಿ." ನನ್ನ ಕಣ್ಣು ತುಂಬಿ ಬಂತು. "ನಗಸಬ್ಯಾಡ್ರಿ ಮಾಸ್ತರ, ಸಿಟ್ಟು ಬರ್ತದ" ಎಂದೆ.

ಉಳಿದದ್ದು ಇಷ್ಟೇ ಎಂದು ಹೇಳಿ ಅಲ್ಲಿಯ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿ ಸ್ಪೀಕರ್ ಹಚ್ಚಿದೆ. ಮೊದಲು ಕೆಮ್ಮು. ಆಮೇಲೆ ನಗು, ಕೋಣೆಯ ತುಂಬ. ಮಾಸ್ತರು ತಮ್ಮ ನಗುವನ್ನು ತಲೆ ತಗ್ಗಿಸಿ ಕೇಳಿದರು. "ಇಂಥಾ ಸಪ್ಪನ ಮಾತು ಯಾವ ಮನುಷ್ಯಾ ಆಡ್ತಾನ್ರಿ?" ಅನ್ನುವುದು ಬಂತು. ಆಮೇಲೆ, "ಸಭೆಯನ್ನು ಮುಂದೂ..." ಎಂದು ಅರ್ಧಕ್ಕೆ ನಿಂತು, ಅದೇ ತುಂಬಿದ ದನಿ ಕೂಗಿತು: "ಸುನೋ ಜೀ, ಚಾ ಲಾವ್!"

"ಹಾಂ, ಅಭೀ ಲಾಯೀ!" ಎಂದರು ಭಾಬಿ, ಅಡುಗೆಮನೆಯಿಂದ. ಪಾತ್ರೆ ತೆಗೆದ ಸದ್ದೂ ಕೇಳಿತು.

ಆಮೇಲೆ ಪಾತ್ರೆಯ ಸದ್ದು ನಿಂತಿತು. ಸ್ಪೀಕರಿನಲ್ಲಿ ನಾನು ಮಾಸ್ತರನ್ನು ಬಯ್ಯುತ್ತಿದ್ದೆ. ಬಂದ್ ಮಾಡಿದೆ. ಭಾಬಿ ಪಾತ್ರೆ ಹಿಡಿದೇ ಬಾಗಿಲಿಗೆ ಬಂದು ನಿಂತರು. ಮಾಸ್ತರ ಮುಖ ನೋಡಿದರು, ಸ್ಪೀಕರನ್ನು ನೋಡಿದರು, ನನ್ನನ್ನು ನೋಡಿದರು.

"ಇನ್ನೊಮ್ಮಿ ಹಚ್ರಿ" ಎಂದರು.

ಹಚ್ಚಿದೆ. ಮಾಸ್ತರು ಮತ್ತೆ ಚಾ ಕೂಗಿದರು. ಬಾಗಿಲಲ್ಲಿ ನಿಂತೇ, ಎಲ್ಲ ಗೊತ್ತಿದ್ದೂ, ಭಾಬಿ ಮತ್ತೆ ಉತ್ತರ ಕೊಟ್ಟರು.